ಮಾಗಿ ಚಳಿಯಲ್ಲಿ ಹಳೆಯ ಡೀಸೆಲ್ ಟ್ರ್ಯಾಕ್ಟರಿನ ಚಾಲನೆ

ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಡೀಸೆಲ್ ಎಂಜಿನ್ನನ್ನು ಬೆಳಗಿನ ಚಳಿಯಲ್ಲಿ ಮೊದಲ ಸಲ ತಿರುಗಿಸಿ, ಅದು ತನ್ನಷ್ಟಕ್ಕೆ ಓಡುವಂತೆ ಮಾಡುವ ಕ್ರಿಯೆಗೆ ಶೀತಚಾಲನೆ ಎಂದು ಹೆಸರು. ಹಳೆಯ ಟ್ರ್ಯಾಕ್ಟರ್ ಎಂದರೆ ಇಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲದೆ, ಯಾಂತ್ರಿಕ ಪಂಪು ಮತ್ತು ನಾಜಲ್ಲುಗಳಿಂದಲೇ ಇಂಧನ ಚಿಮ್ಮಿಸುವ, ಹಲವು ವರ್ಷ ದುಡಿದು ಸವೆದಿರುವ ಯಂತ್ರ. ಹಾಸನದ ಸುತ್ತಿನ ಮೊಸಳೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಇಲ್ಲಿ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಸಾಮಾನ್ಯ. ನೀರು ಹೆಪ್ಪುಗಟ್ಟುವ ಚಳಿಯಲ್ಲ ಇದು. ಆದರೂ ಬೇಸಿಗೆಯಲ್ಲಿ ಮುಟ್ಟಿದ ಕೂಡಲೇ ಹೊತ್ತಿಕೊಳ್ಳುತ್ತಿದ್ದ ಎಂಜಿನ್ನು ಮಾಗಿಯಲ್ಲಿ ಹಠ ಹಿಡಿಯುತ್ತದೆ. ಇದರ ಕಾರಣ ಚಳಿಗಿಂತ ಹೆಚ್ಚಾಗಿ ಎಂಜಿನ್ನಿನ ಸವೆತದಲ್ಲಿದೆ. ಚಳಿ ಆ ಸವೆತವನ್ನು ಬಯಲಿಗೆಳೆಯುತ್ತದೆ.

ಹಿನ್ನೆಲೆ

ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದಿಂದ ಹುಟ್ಟುವ ಶಾಖದಲ್ಲೇ ಇಂಧನ ಉರಿಸುವ ತತ್ತ್ವವನ್ನು ಜರ್ಮನಿಯ ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ರೂಪಿಸಿದರು. ಅವರ ಎಂಜಿನ್ನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ಓಡಿತು. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇದರಲ್ಲಿಲ್ಲ. ಸರಳತೆಯೂ ತೊಡಕೂ ಇಲ್ಲಿಯೇ ಇವೆ. ಗಾಳಿ ಸಾಕಷ್ಟು ಬಿಸಿಯಾಗದಿದ್ದರೆ ಹೊತ್ತಿಸಲು ಬೇರೆ ದಾರಿಯಿಲ್ಲ.

ಆರಂಭದ ಟ್ರ್ಯಾಕ್ಟರುಗಳಲ್ಲಿ ಈ ತೊಡಕಿಗೆ ಬಗೆಬಗೆಯ ಪರಿಹಾರಗಳಿದ್ದವು. 1921ರಲ್ಲಿ ಬಂದ ಜರ್ಮನಿಯ ಲಾಂಝ್ ಬುಲ್‌ಡಾಗ್ ಟ್ರ್ಯಾಕ್ಟರಿನ ತಲೆಭಾಗದಲ್ಲಿದ್ದ ಲೋಹದ ಬುರುಡೆಯನ್ನು ಬ್ಲೋ ಲ್ಯಾಂಪಿನಿಂದ ಕೆಂಪಗೆ ಕಾಯಿಸಿದ ಮೇಲೆಯೇ ಎಂಜಿನ್ನು ತಿರುಗಿಸಬೇಕಿತ್ತು. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರಿನಲ್ಲಿ ಸಣ್ಣಗೆ ಹೊಗೆಯಾಡುವ ರಾಸಾಯನಿಕ ಕಾಗದವನ್ನು ಸಿಲಿಂಡರಿನೊಳಗೆ ಸಿಕ್ಕಿಸುತ್ತಿದ್ದರು. ಕೈಯಿಂದ ತಿರುಗಿಸಲಾಗದಿದ್ದರೆ ಬಂದೂಕಿನ ತೋಟಾದಂಥ ತೋಟಾ ಸಿಡಿಸಿ ಪಿಸ್ಟನ್ನನ್ನು ದೂಡುವ ವ್ಯವಸ್ಥೆಯೂ ಅದರಲ್ಲಿತ್ತು. ಅಮೆರಿಕದ ಕ್ಯಾಟರ್‌ಪಿಲ್ಲರ್ 1931ರ ತನ್ನ ಡೀಸೆಲ್ ಟ್ರ್ಯಾಕ್ಟರಿಗೆ ಒಂದು ಪುಟ್ಟ ಪೆಟ್ರೋಲ್ ಎಂಜಿನ್ನನ್ನೇ ಜೋಡಿಸಿತ್ತು. ಮೊದಲು ಅದು ಓಡಬೇಕು, ಆಮೇಲೆ ಅದು ದೊಡ್ಡದನ್ನು ತಿರುಗಿಸಬೇಕು.

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಶುರುವಾಯಿತು. 1960ರ ದಶಕದಲ್ಲಿ ಚೆನ್ನೈನ ಟಾಫೆ ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳನ್ನೂ, ಮಹೀಂದ್ರದ ಸಹಭಾಗಿತ್ವದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಬಿ-275 ಮಾದರಿಯನ್ನೂ ತಂದವು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿದ್ದ ಎಚ್‌ಎಂಟಿ 1971ರಲ್ಲಿ ಚೆಕೊಸ್ಲೊವಾಕಿಯಾದ ಝೆಟರ್ ಕಂಪನಿಯ ಸಹಯೋಗದಿಂದ, ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ 2511 ಮಾದರಿಯನ್ನು ತಯಾರಿಸತೊಡಗಿತು. ಮೊಹಾಲಿಯ ಸ್ವರಾಜ್ 1974ರಲ್ಲಿ ಬಂತು. ಶೀತಚಾಲನೆಯ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಹೆಚ್ಚಾಗಿ ಪಂಪು ನಾಜಲ್ಲುಗಳದು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ದೇಶದ ಬಹುಪಾಲು ಡೀಸೆಲ್ ಎಂಜಿನ್ನುಗಳಿಗೆ ಇಂಧನ ಪಂಪು ಒದಗಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಹಳ್ಳಿಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇನ್ನೂ ‘ಮೈಕೋ ಪಂಪು’.

ಶಾಖದ ಲೆಕ್ಕ

ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಗಾಳಿಯನ್ನು ಅದರ ಮೂಲ ಗಾತ್ರದ 16ರಲ್ಲಿ ಒಂದು ಪಾಲಿನಿಂದ 22ರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗಿಸುತ್ತದೆ. ಇದಕ್ಕೆ ಸಂಪೀಡನ ಅನುಪಾತ ಎನ್ನುತ್ತಾರೆ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಬರೀ ‘ಕಂಪ್ರೆಷನ್’. ಡೀಸೆಲ್ ಬಯಲು ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುವ ಉಷ್ಣಾಂಶ ಸುಮಾರು 210ರಿಂದ 250 ಡಿಗ್ರಿ. ಆದರೆ ಎಂಜಿನ್ನಿನೊಳಗೆ ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ಹೊತ್ತಬೇಕಾದ್ದರಿಂದ ಗಾಳಿಯ ಬಿಸಿ ಆ ಮಿತಿಗಿಂತ ಸಾಕಷ್ಟು ಮೇಲಿರಬೇಕು.

16ರ ಅನುಪಾತದ, ಸುಸ್ಥಿತಿಯ ಎಂಜಿನ್ನೊಂದನ್ನು ತೆಗೆದುಕೊಂಡರೆ, 27 ಡಿಗ್ರಿಯ ಗಾಳಿ ಒತ್ತಡದ ಕೊನೆಗೆ ಸುಮಾರು 415 ಡಿಗ್ರಿಗೆ ಏರುತ್ತದೆ. ಅದೇ ಎಂಜಿನ್ನಿಗೆ ಮಾಗಿಯ 12 ಡಿಗ್ರಿಯ ಗಾಳಿ ಕೊಟ್ಟರೆ ಏರುವುದು ಸುಮಾರು 380 ಡಿಗ್ರಿಗೆ. ಹೊರಗಿನ 15 ಡಿಗ್ರಿ ಚಳಿಯಿಂದ ಒಳಗೆ ನಷ್ಟವಾದದ್ದು 35 ಡಿಗ್ರಿಯಷ್ಟೇ. ಎಂಜಿನ್ನು ಇಷ್ಟನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಈಗ ರಿಂಗು ಸವೆದು, ವಾಲ್ವು ಸರಿಯಾಗಿ ಕೂರದೆ ಗಾಳಿ ಸೋರುತ್ತಿದೆ ಎಂದುಕೊಳ್ಳೋಣ. ಬ್ಯಾಟರಿ ಸೋತು ಎಂಜಿನ್ನು ನಿಧಾನವಾಗಿ ತಿರುಗುತ್ತಿದ್ದರೆ, ಒತ್ತಿದ ಗಾಳಿಯ ಶಾಖವನ್ನು ತಣ್ಣನೆಯ ಸಿಲಿಂಡರ್ ಗೋಡೆ ಹೀರಿಕೊಳ್ಳಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಮೇಲಿನ ಅಂಕಿಗಳನ್ನು ಕೊಟ್ಟ, ಒತ್ತಿದ ಗಾಳಿಯ ಬಿಸಿಯನ್ನು ಲೆಕ್ಕಹಾಕುವ ಉಷ್ಣಗತಿಶಾಸ್ತ್ರದ ಸೂತ್ರದಲ್ಲಿ ಘಾತವನ್ನು 1.3ರಿಂದ 1.2ಕ್ಕೆ ಇಳಿಸಿದರೆ ಈ ಸೋರಿಕೆಯ ಅಂದಾಜು ಸಿಗುತ್ತದೆ. 12 ಡಿಗ್ರಿಯ ಗಾಳಿ ಆಗ 225 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಚಳಿ ತಿಂದದ್ದು 35 ಡಿಗ್ರಿ, ಸವೆತ ಮತ್ತು ನಿಧಾನಗತಿ ತಿಂದದ್ದು 150 ಡಿಗ್ರಿಗೂ ಹೆಚ್ಚು. ಬೇಸಿಗೆಯಲ್ಲಿ ಹೊತ್ತುವ ಮಿತಿಯ ಗೆರೆಯ ಮೇಲೆ ತೂಗುಯ್ಯಾಲೆಯಾಡುತ್ತಿದ್ದ ಎಂಜಿನ್ನು ಮಾಗಿಯಲ್ಲಿ ಗೆರೆಯ ಕೆಳಗೆ ಜಾರುವುದು ಹೀಗೆ.

ಚಳಿಯಲ್ಲಿ ತಡೆಯಾಗುವ ಅಂಶಗಳು

ಬ್ಯಾಟರಿ ಮೊದಲನೆಯದು. ಸೀಸ–ಆಮ್ಲದ ಬ್ಯಾಟರಿಯಲ್ಲಿ ವಿದ್ಯುತ್ ಹುಟ್ಟುವುದು ರಾಸಾಯನಿಕ ಕ್ರಿಯೆಯಿಂದ. ಚಳಿ ಆ ಕ್ರಿಯೆಯನ್ನು ಮಂದಗೊಳಿಸುತ್ತದೆ. ಶೂನ್ಯ ಡಿಗ್ರಿಯಲ್ಲಿ ಅದರ ಶಕ್ತಿ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ, −18 ಡಿಗ್ರಿಯಲ್ಲಿ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಹಾಸನದ ಚಳಿಯಲ್ಲಿ ಹೊಸ ಬ್ಯಾಟರಿಗೆ ಆಗುವ ನಷ್ಟ ಅಲ್ಪ. ಆದರೆ ಡಿಸ್ಟಿಲ್ಡ್ ವಾಟರ್ ಬತ್ತಿದ, ಟರ್ಮಿನಲ್ಲಿನ ಮೇಲೆ ಬಿಳಿ ಹಸಿರು ಪಾಚಿಯಂಥ ಲವಣ ಕಟ್ಟಿದ ಬ್ಯಾಟರಿಗೆ ಆ ಅಲ್ಪವೂ ಭಾರ. ಸೆಲ್ಫ್ ಹೊಡೆದಾಗ ಬರೀ ‘ಟಕ್’ ಎಂಬ ಸದ್ದು ಬಂದು ನಿಂತರೆ ಬಹುಪಾಲು ಸಲ ದೋಷ ಸೆಲ್ಫಿನದ್ದಲ್ಲ, ಈ ಲವಣದ್ದು ಅಥವಾ ಸಡಿಲವಾದ ಅರ್ಥ್ ವೈರಿನದ್ದು. ಬಿಸಿನೀರು ಸುರಿದು, ಉಪ್ಪುಕಾಗದದಿಂದ ತಿಕ್ಕಿ, ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕಾಗುತ್ತದೆ.

ಎರಡನೆಯದು ಎಂಜಿನ್ ಆಯಿಲ್. ಹಳೆಯ ಟ್ರ್ಯಾಕ್ಟರಿಗೆ ‘ಹೊಗೆ ಕಮ್ಮಿಯಾಗಲಿ’ ಎಂದು 40ನೇ ನಂಬರಿನ ಒಂದೇ ದರ್ಜೆಯ ದಪ್ಪ ಆಯಿಲ್ ಹಾಕುವ ರೂಢಿಯಿದೆ. ಅದು ಬಿಸಿಯಲ್ಲಿ ಒಳ್ಳೆಯದೇ. ಆದರೆ ಮುಂಜಾವಿನಲ್ಲಿ ಅದರ ಜಿಗುಟು ಹಲವು ಪಟ್ಟು ಹೆಚ್ಚಿ ಎಂಜಿನ್ನನ್ನು ಹಿಡಿದಿಡುತ್ತದೆ. 15ಡಬ್ಲ್ಯೂ-40 ಎಂಬ ಬರಹದಲ್ಲಿನ ‘ಡಬ್ಲ್ಯೂ’ ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಅಕ್ಷರ. ಚಳಿಯಲ್ಲಿ ತೆಳುವಾಗಿಯೂ ಬಿಸಿಯಲ್ಲಿ 40ರ ದಪ್ಪದಲ್ಲಿಯೂ ವರ್ತಿಸುವ ಆಯಿಲ್ ಎಂದು ಅದರರ್ಥ. ಗೇರ್‌ಬಾಕ್ಸಿನ ಆಯಿಲ್ ಇನ್ನೂ ದಪ್ಪ. ಕ್ಲಚ್ ತುಳಿದು ಸೆಲ್ಫ್ ಹೊಡೆದರೆ ಎಂಜಿನ್ನಿಗೆ ಗೇರ್‌ಬಾಕ್ಸಿನ ಹಲ್ಲುಗಳನ್ನು ಆ ಆಯಿಲ್ಲಿನಲ್ಲಿ ಕಡೆಯುವ ಹೊರೆ ತಪ್ಪುತ್ತದೆ.

ಮೂರನೆಯದು ಡೀಸೆಲ್. ಇದರಲ್ಲಿ ಮೇಣದ ಅಂಶವಿದೆ. ಉಷ್ಣಾಂಶ ಇಳಿದಂತೆ ಮೇಣ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಭಾರತೀಯ ಮಾನಕ 1460ರ ಪ್ರಕಾರ ಡೀಸೆಲ್ ಹರಿಯುವುದನ್ನು ನಿಲ್ಲಿಸುವ ಉಷ್ಣಾಂಶದ ಮೇಲ್ಮಿತಿ ಚಳಿಗಾಲಕ್ಕೆ 3 ಡಿಗ್ರಿ, ಬೇಸಿಗೆಗೆ 15 ಡಿಗ್ರಿ. ಬೇಸಿಗೆಯಲ್ಲಿ ತಂದು ಡ್ರಮ್ಮಿನಲ್ಲಿ ಉಳಿಸಿಕೊಂಡ ಡೀಸೆಲ್ಲನ್ನು ಜನವರಿಗೆ ಬಳಸಬಾರದೆಂಬ ಎಚ್ಚರಿಕೆಗೆ ಕಾರಣ ಈ ವ್ಯತ್ಯಾಸ. ಆದರೂ ಹಾಸನ ಸೀಮೆಯಲ್ಲಿ ಮೇಣಕ್ಕಿಂತ ನೀರೇ ದೊಡ್ಡ ಶತ್ರು. ಅರ್ಧ ಖಾಲಿಯಾದ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಇಬ್ಬನಿಯಾಗಿ ತಗಡಿನ ಒಳಮೈಯಲ್ಲಿ ಹನಿಗಟ್ಟಿ, ಡೀಸೆಲ್ಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಸಂಜೆಯೇ ಟ್ಯಾಂಕು ತುಂಬಿಸಿಡುವುದು, ವಾರಕ್ಕೊಮ್ಮೆ ಫಿಲ್ಟರ್ ಬಟ್ಟಲಿನ ಕೆಳಗಿನ ತಿರುಪು ಸಡಿಲಿಸಿ ಒಂದು ಲೋಟದಷ್ಟು ಹೊರಬಿಡುವುದು ಇದಕ್ಕೆ ಮದ್ದು. ಲೋಟದ ಅಡಿಯಲ್ಲಿ ಬೇರೆಯಾಗಿ ನಿಲ್ಲುವ ತಿಳಿಯಾದ ಗುಳ್ಳೆ ನೀರು.

ಸೋರುವ ಕಾಪರ್ ವಾಷರ್, ಬಿರುಕು ಬಿಟ್ಟ ಪೈಪಿನಿಂದ ಇಂಧನದ ದಾರಿಗೆ ಗಾಳಿ ಸೇರುವುದನ್ನು ‘ಏರ್ ಹಿಡಿಯುವುದು’ ಎನ್ನುತ್ತಾರೆ. ಫಿಲ್ಟರಿನ ತಿರುಪು, ಆಮೇಲೆ ಪಂಪಿನ ತಿರುಪು, ಕೊನೆಗೆ ನಾಜಲ್ಲಿನ ಪೈಪು, ಈ ಕ್ರಮದಲ್ಲಿ ಸಡಿಲಿಸಿ ನೊರೆ ನಿಲ್ಲುವವರೆಗೂ ಡೀಸೆಲ್ ಹೊರಬಿಟ್ಟರೆ ಗಾಳಿ ಹೋಗುತ್ತದೆ.

ಸಹಾಯಕ ಸಾಧನಗಳ ಬಗೆ

ಇಂಧನವನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಚಿಮ್ಮಿಸುವ ಎಂಜಿನ್ನಿಗೆ ಸಾಮಾನ್ಯವಾಗಿ ಯಾವ ಸಹಾಯವೂ ಬೇಕಿಲ್ಲ. ಪಕ್ಕದ ಪುಟ್ಟ ಕೋಣೆಯೊಳಗೆ ಚಿಮ್ಮಿಸುವ ಪರೋಕ್ಷ ವಿಧಾನದ ಎಂಜಿನ್ನಿನಲ್ಲಿ ಶಾಖ ಹೀರುವ ಗೋಡೆಯೇ ಹೆಚ್ಚು. ಆದ್ದರಿಂದ ಅದರ ಪ್ರತಿ ಸಿಲಿಂಡರಿಗೂ ಗ್ಲೋ ಪ್ಲಗ್ ಇರುತ್ತದೆ. ಹಳ್ಳಿಯ ಮಾತಿನಲ್ಲಿ ಇದು ‘ಹೀಟರ್ ಪ್ಲಗ್ಗು’. ಹಳೆಯ ಮಾದರಿಯ ಪ್ಲಗ್ಗುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿ, ಅದೇ ಸರಣಿಯ ಒಂದು ಸಣ್ಣ ಸುರುಳಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಜಾಲರಿಯ ಹಿಂದೆ ಇಟ್ಟಿರುತ್ತಾರೆ. ಆ ಸುರುಳಿ ಕೆಂಪಾದರೆ ಒಳಗಿನವೂ ಕೆಂಪಾಗಿವೆ ಎಂದರ್ಥ. ಒಂದು ಪ್ಲಗ್ಗು ಸುಟ್ಟರೂ ಸರಣಿ ಕಡಿದು ಯಾವುದೂ ಕಾಯುವುದಿಲ್ಲ. 20ರಿಂದ 30 ಸೆಕೆಂಡು ಕಾದು ಸೆಲ್ಫ್ ಹೊಡೆಯುವುದು ವಾಡಿಕೆ.

ಥರ್ಮೋಸ್ಟಾರ್ಟ್ ಇನ್ನೊಂದು ಬಗೆ. ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳಲ್ಲಿ ಇದು ಪರಿಚಿತ. ಗಾಳಿ ಒಳಬರುವ ಕೊಳವೆಯಲ್ಲಿ ಕೂರಿಸಿದ ಈ ಸಾಧನಕ್ಕೆ ಒಂದು ಸಣ್ಣ ನಳಿಗೆಯಿಂದ ಡೀಸೆಲ್ ಬರುತ್ತದೆ. ಕೀಲಿಯನ್ನು ಹೀಟ್ ಸ್ಥಾನಕ್ಕೆ ತಿರುಗಿಸಿದರೆ ಸುರುಳಿ ಕಾಯ್ದು, ಒಳಗಿನ ಪುಟ್ಟ ವಾಲ್ವು ತೆರೆದು, ತೊಟ್ಟಿಕ್ಕಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಒಳನುಗ್ಗುವ ಗಾಳಿ ಆ ಜ್ವಾಲೆಯನ್ನು ಹಾದು ಬಿಸಿಯಾಗುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಬಹಳ ಸಲ ಇದರ ನಳಿಗೆ ಮುರಿದು, ಬಾಯಿಗೆ ಬೋಲ್ಟು ತುರುಕಿ ಬಿಟ್ಟಿರುತ್ತಾರೆ. ಮಾಗಿಯ ಕಷ್ಟ ಅಂಥ ಟ್ರ್ಯಾಕ್ಟರಿಗೆ ವರ್ಷವೂ ಮರಳುತ್ತದೆ.

ಡಿಕಂಪ್ರೆಷನ್ ಲಿವರ್ ಶಾಖ ಕೊಡುವುದಿಲ್ಲ, ವೇಗ ಕೊಡುತ್ತದೆ. ಐಷರ್ 241ರಂಥ ಗಾಳಿಯಿಂದ ತಂಪಾಗುವ ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೂವರೆ ಲೀಟರಿನಷ್ಟು ಗಾಳಿಯನ್ನು ಒಂದೇ ಪಿಸ್ಟನ್ ಒತ್ತಬೇಕು. ದುರ್ಬಲ ಬ್ಯಾಟರಿಗೆ ಅದು ಆಗದ ಕೆಲಸ. ಇಂಥ ಎಂಜಿನ್ನಿನ ಲಿವರ್ ಎತ್ತಿದರೆ ವಾಲ್ವು ತೆರೆದೇ ಉಳಿದು ಪಿಸ್ಟನ್ ಹಗುರಾಗಿ ಆಡುತ್ತದೆ. ಭಾರದ ಫ್ಲೈವೀಲ್ ಓಟ ಹಿಡಿದಾಗ ಲಿವರ್ ಬಿಟ್ಟರೆ, ಆ ಓಟದ ಬಲವೇ ಮೊದಲ ಒತ್ತುವಿಕೆಯನ್ನು ದಾಟಿಸುತ್ತದೆ. ಪಂಪ್‌ಸೆಟ್ಟಿನ ಹಳೆಯ ಆಯಿಲ್ ಎಂಜಿನ್ನುಗಳನ್ನು ಕೈಯಿಂದ ತಿರುಗಿಸಿದವರಿಗೆ ಇದು ಹೊಸದಲ್ಲ.

ಹಲವು ಸಾಲು (ಇನ್‌ಲೈನ್) ಇಂಧನ ಪಂಪುಗಳಲ್ಲಿ ಹೆಚ್ಚುವರಿ ಇಂಧನದ ಗುಂಡಿ ಇರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಅದನ್ನು ಒತ್ತಿದರೆ ಮಾಮೂಲಿಗಿಂತ ಹೆಚ್ಚು ಡೀಸೆಲ್ ಹೋಗುತ್ತದೆ. ಎಂಜಿನ್ನು ಓಡತೊಡಗಿದ ಕೂಡಲೇ ತಾನಾಗಿ ಹಿಂದೆ ಸರಿಯುತ್ತದೆ. ತೀವ್ರ ಚಳಿಯ ದೇಶಗಳಲ್ಲಿ ಎಂಜಿನ್ನಿನ ನೀರನ್ನು ರಾತ್ರಿಯೆಲ್ಲ ವಿದ್ಯುತ್ತಿನಿಂದ ಬೆಚ್ಚಗಿಡುವ ಹೀಟರನ್ನು ಬಳಸುತ್ತಾರೆ. ಕರ್ನಾಟಕದಲ್ಲಿ ಅದರ ಅಗತ್ಯ ಬಂದಿಲ್ಲ.

ಚಾಲನೆಯ ಕ್ರಮ

ಕೆಲಸ ಹಿಂದಿನ ಸಂಜೆಯೇ ಶುರುವಾಗುತ್ತದೆ. ಟ್ಯಾಂಕು ತುಂಬಿಸಿ, ಟ್ರ್ಯಾಕ್ಟರನ್ನು ಬಯಲಿನ ಇಬ್ಬನಿಗೆ ಬಿಡದೆ ಕೊಟ್ಟಿಗೆಯ ಸೂರಿನಡಿ ನಿಲ್ಲಿಸುವುದು ಉತ್ತಮ. ಸೆಲ್ಫಿನ ಮೇಲೆ ಭರವಸೆಯಿಲ್ಲದವರು ಇಳಿಜಾರಿನ ತುದಿಯಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಾರೆ.

ಬೆಳಿಗ್ಗೆ ಆಯಿಲ್ ಕಡ್ಡಿ ಮತ್ತು ರೇಡಿಯೇಟರ್ ನೋಡಿ, ಗೇರ್ ನ್ಯೂಟ್ರಲ್‌ನಲ್ಲಿದೆಯೆಂದು ಅಲ್ಲಾಡಿಸಿ ಖಚಿತಪಡಿಸಿಕೊಂಡು, ಸ್ಟಾಪ್ ನಾಬ್ ಒಳಗೆ ತಳ್ಳಬೇಕು. ಹಿಂದಿನ ದಿನ ಎಳೆದ ನಾಬ್ ಹಾಗೆಯೇ ಉಳಿದು ಬ್ಯಾಟರಿ ಖಾಲಿಯಾಗುವವರೆಗೆ ಸೆಲ್ಫ್ ಹೊಡೆದ ಪ್ರಸಂಗಗಳು ಕಡಿಮೆಯಲ್ಲ. ಹೀಟರ್ ಇದ್ದರೆ ಕಾಯಿಸಿ, ಆಕ್ಸಿಲರೇಟರ್ ಅರ್ಧಕ್ಕಿಂತ ಮೇಲಿಟ್ಟು, ಕ್ಲಚ್ ತುಳಿದು ಸೆಲ್ಫ್ ಹೊಡೆಯಬೇಕು. ಒಂದು ಸಲಕ್ಕೆ 10ರಿಂದ 15 ಸೆಕೆಂಡು ಮೀರಬಾರದು. ನಡುವೆ ಒಂದು ನಿಮಿಷ ಬಿಡಬೇಕು. ಆ ಬಿಡುವಿನಲ್ಲಿ ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಸೆಲ್ಫ್ ಮೋಟಾರಿನ ಸುರುಳಿ ತಣಿಯುತ್ತದೆ. ಎಂಜಿನ್ನು ಹೊತ್ತಬೇಕಾದರೆ ನಿಮಿಷಕ್ಕೆ ಕನಿಷ್ಠ 100ರಿಂದ 150 ಸುತ್ತು ತಿರುಗಬೇಕು.

ಸೈಲೆನ್ಸರಿನ ಬಾಯಿ ಈ ಹೊತ್ತಿನಲ್ಲಿ ಬಹಳಷ್ಟು ಹೇಳುತ್ತದೆ. ಸೆಲ್ಫ್ ಹೊಡೆಯುವಾಗ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಕಣ್ಣುರಿಸುವ ಬಿಳಿಹೊಗೆ ಬಂದರೆ ಡೀಸೆಲ್ ತಲುಪಿದೆ, ಶಾಖ ಸಾಲದು. ಒಂದೆರಡು ಸಿಲಿಂಡರ್ ಮಾತ್ರ ಹೊತ್ತಿದಾಗ ಎಂಜಿನ್ನು ಮುಗ್ಗರಿಸುತ್ತ, ಬಿಳಿಹೊಗೆ ಕಾರುತ್ತ ಓಡಿ, ನಿಮಿಷದೊಳಗೆ ಸರಿಹೋಗುತ್ತದೆ. ಬಿಸಿಯಾದ ಮೇಲೂ ಉಳಿಯುವ ನೀಲಿಹೊಗೆ ಆಯಿಲ್ ಉರಿಯುತ್ತಿರುವುದರ, ಎಂದರೆ ರಿಂಗು ಸವೆದಿರುವುದರ ಗುರುತು.

ಸ್ಟಾರ್ಟ್ ಆದ ಕೂಡಲೇ ರೇಸ್ ಕೊಡುವುದು ತಪ್ಪು. ದಪ್ಪಗಿರುವ ಆಯಿಲ್ ಬೇರಿಂಗುಗಳನ್ನು ತಲುಪಿ ಆಯಿಲ್ ಮೀಟರಿನ ಮುಳ್ಳು ಏರುವವರೆಗೂ ಸಣ್ಣ ವೇಗದಲ್ಲಿ ಬಿಡಬೇಕು. ಆಮೇಲೆ ಹಗುರ ಕೆಲಸಕ್ಕೆ ಹಚ್ಚಬೇಕು. ಅರ್ಧ ಗಂಟೆ ಸುಮ್ಮನೆ ಓಡಿಸುವುದರಿಂದ ಎಂಜಿನ್ನು ಕಾಯುವುದಕ್ಕಿಂತ ಅರೆಬೆಂದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ಲನ್ನು ತೊಳೆಯುವುದೇ ಹೆಚ್ಚು.

ವಾಡಿಕೆಯ ಉಪಾಯಗಳು, ಅಪಾಯಗಳು

ಬಚ್ಚಲ ಹಂಡೆಯಿಂದ ಬಿಸಿನೀರು ತಂದು ರೇಡಿಯೇಟರಿಗೆ ಸುರಿಯುವುದು ಹಳೆಯ ಉಪಾಯ, ಪರಿಣಾಮಕಾರಿಯೂ ಹೌದು. ಸಿಲಿಂಡರ್ ಗೋಡೆ ಬೆಚ್ಚಗಾದರೆ ಶಾಖದ ಸೋರಿಕೆ ತಗ್ಗುತ್ತದೆ. ನೀರು ಕುದಿಯುತ್ತಿರಬಾರದು. ತಣ್ಣನೆಯ ಬೀಡಿನ ಬ್ಲಾಕು, ಹೆಡ್ಡು ಥಟ್ಟನೆ ಹಿಗ್ಗಿ ಬಿರುಕು ಬಿಡಬಹುದು. ಮೊದಲು ಕೆಳಗಿನ ನಲ್ಲಿಯಿಂದ ತಣ್ಣೀರು ಇಳಿಸಿ, ಕೈ ತಾಳುವಷ್ಟು ಬಿಸಿಯ ನೀರನ್ನು ನಿಧಾನವಾಗಿ ತುಂಬಬೇಕು. ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ಈ ಉಪಾಯ ಹೊಂದುವುದಿಲ್ಲ.

ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಏರ್ ಕ್ಲೀನರಿನ ಬಾಯಿಗೆ ಹಿಡಿಯುವುದು ಥರ್ಮೋಸ್ಟಾರ್ಟಿನ ತತ್ತ್ವವನ್ನೇ ಕೈಯಿಂದ ಮಾಡುವ ಕೆಲಸ. ಕಿಡಿಯೋ ಚಿಂದಿಯೋ ಒಳಗೆ ಎಳೆದುಕೊಂಡರೆ ವಾಲ್ವು ಹಾಳು. ಕಣದ ಬಳಿ, ಒಣಹುಲ್ಲಿನ ಬಣವೆಯ ಮಗ್ಗುಲಲ್ಲಿ ಇದನ್ನು ಮಾಡುವುದು ಅನಾಹುತಕ್ಕೆ ಆಹ್ವಾನ. ಈಥರ್ ಸ್ಪ್ರೇ ಇದಕ್ಕಿಂತ ಬಿರುಸು. ಗ್ಲೋ ಪ್ಲಗ್ ಅಥವಾ ಥರ್ಮೋಸ್ಟಾರ್ಟ್ ಇರುವ ಎಂಜಿನ್ನಿಗೆ ಅದನ್ನು ಹೊಡೆಯಲೇಬಾರದು. ಕೆಂಪಾದ ಸುರುಳಿಗೆ ತಾಗಿ ಕೊಳವೆಯಲ್ಲೇ ಸಿಡಿಯುತ್ತದೆ.

ಜೀವಹಾನಿಗೆ ಹೆಚ್ಚು ಹತ್ತಿರವಾದದ್ದು ನೆಲದಲ್ಲಿ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಟರ್ಮಿನಲ್ ಕೂಡಿಸುವುದು. ಕೀಲಿ ಕೆಟ್ಟಾಗ ಇದು ಸುಲಭವೆನಿಸುತ್ತದೆ. ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ಎಂಜಿನ್ನು ಹೊತ್ತಿದ ಕ್ಷಣವೇ ಮುಂದೆ ನುಗ್ಗುತ್ತದೆ. ನಿಂತವರು ಹಿಂದಿನ ದೊಡ್ಡ ಚಕ್ರದ ನೇರಕ್ಕಿರುತ್ತಾರೆ. ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುವಾಗ ಮೇಲಿನ ಗೇರ್ ಬಳಸಬೇಕು. ಎರಡೂ ಬ್ರೇಕಿನ ಪೆಡಲುಗಳನ್ನು ಕೊಂಡಿಯಿಂದ ಒಂದಾಗಿ ಜೋಡಿಸಿರಬೇಕು.

1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಎಸ್‌ಟಿ ಕಂಪನಿಯ ಪವರ್ ಟಿಲ್ಲರುಗಳು ಗದ್ದೆಯ ನಾಡಿನಲ್ಲಿ ಬಹುವಾಗಿ ಹರಡಿವೆ. ಹ್ಯಾಂಡಲಿನಿಂದ ತಿರುಗಿಸುವ ಟಿಲ್ಲರುಗಳಲ್ಲಿ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇರಬೇಕು, ಹ್ಯಾಂಡಲನ್ನು ಸುತ್ತಿಕೊಳ್ಳಬಾರದು. ಎಂಜಿನ್ನು ಹಿಂದಕ್ಕೆ ಒದೆದರೆ ಸುತ್ತಿಕೊಂಡ ಹೆಬ್ಬೆರಳು ಮುರಿಯುತ್ತದೆ.

ಮಾಗಿಯ ಕೆಲಸಗಳು

ಹಾಸನ ಸೀಮೆಯಲ್ಲಿ ಚಳಿಗಾಲ ಟ್ರ್ಯಾಕ್ಟರಿಗೆ ಬಿಡುವಿನ ಕಾಲವಲ್ಲ. ರಾಗಿ ಕೊಯ್ಲು ಮುಗಿದು ಡಿಸೆಂಬರಿನಿಂದ ಸಂಕ್ರಾಂತಿಯ ಆಚೆಗೂ ಒಕ್ಕಣೆ ನಡೆಯುತ್ತದೆ. ಕಬ್ಬು ಸಾಗಣೆಗೆ ನಸುಕಿನಲ್ಲೇ ಟ್ರೈಲರ್ ಹೊರಡಬೇಕು. ಕೊಯ್ಲಾದ ಹೊಲದಲ್ಲಿ ತೇವ ಆರುವ ಮೊದಲೇ ಮಾಗಿ ಉಳುಮೆ ಮುಗಿಯಬೇಕು. ಮಣ್ಣಿನೊಳಗಿನ ಹುಳುಗಳ ಕೋಶ, ಕಳೆಯ ಗೆಡ್ಡೆಗಳು ಬಿಸಿಲಿಗೆ ಬೀಳುವುದು, ಮುಂದಿನ ಮಳೆಯ ನೀರು ಇಂಗುವುದು ಈ ಉಳುಮೆಯ ಪ್ರಯೋಜನ. ಗೊರೂರಿನ ಹೇಮಾವತಿ ಅಣೆಕಟ್ಟಿನ ನಾಲೆ ತಲುಪುವ ಕಡೆ ನೀರು ಬಿಟ್ಟ ವರ್ಷ ಬೇಸಿಗೆ ಭತ್ತದ ಕೆಸರುಗದ್ದೆ ಕೆಲಸವೂ ಸೇರಿಕೊಳ್ಳುತ್ತದೆ. ಬಾಡಿಗೆಗೆ ಗೊತ್ತುಮಾಡಿದ ಟ್ರ್ಯಾಕ್ಟರ್ ಎರಡು ಗಂಟೆ ತಡವಾದರೆ ಕೂಲಿಯವರ ಅರ್ಧ ದಿನ ಹೋದಂತೆ.

ಇಂದಿನ ಸ್ಥಿತಿ

ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ 2016ರಲ್ಲಿ ಮುಚ್ಚಿತು. ಅದರ ಟ್ರ್ಯಾಕ್ಟರುಗಳ ಬಿಡಿಭಾಗಗಳಿಗೆ ಗುಜರಿ ಅಂಗಡಿ ಮತ್ತು ಇತರ ತಯಾರಕರೇ ಈಗ ಆಧಾರ. ತಾಲ್ಲೂಕು ಕೇಂದ್ರಗಳ ಪಂಪು–ನಾಜಲ್ ಅಂಗಡಿಗಳಲ್ಲಿ ನಾಜಲ್ಲಿನ ಒತ್ತಡ ನೋಡಿ, ಮಂಜಿನಂತೆ ಸಿಂಪಡಿಸುತ್ತದೆಯೋ ತೊಟ್ಟಿಕ್ಕುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ತೊಟ್ಟಿಕ್ಕುವ ನಾಜಲ್ಲು ಬೇಸಿಗೆಯಲ್ಲಿ ಗಮನಕ್ಕೆ ಬಾರದೆ, ಮಾಗಿಯಲ್ಲಿ ಎಂಜಿನ್ನನ್ನೇ ನಿಲ್ಲಿಸುತ್ತದೆ.

2020ರ ಏಪ್ರಿಲ್ 1ರಿಂದ ದೇಶದಲ್ಲೆಡೆ ಮಾರಾಟವಾಗುತ್ತಿರುವ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ದಶಲಕ್ಷಕ್ಕೆ 10 ಭಾಗ ಮಾತ್ರ. ಹೊತ್ತುವ ಗುಣವನ್ನು ಅಳೆಯುವ ಸೀಟೇನ್ ಸಂಖ್ಯೆ ಕನಿಷ್ಠ 51. ಹಳೆಯ ಎಂಜಿನ್ನಿಗೂ ಈ ಸಂಖ್ಯೆ ಅನುಕೂಲವೇ. ಲಡಾಖ್‌ನಂಥ ಕಡೆಗೆಂದು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ −33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಜಾರಿಯಾಗಿದ್ದು, ಅವುಗಳಲ್ಲಿ ಕಾಮನ್ ರೈಲ್ ಇಂಧನ ವ್ಯವಸ್ಥೆ ಬಳಕೆಗೆ ಬಂದಿದೆ. ಅದರಲ್ಲಿ ಇಂಧನದ ಪ್ರಮಾಣ ಮತ್ತು ಚಿಮ್ಮುವ ಕ್ಷಣವನ್ನು ಕಂಪ್ಯೂಟರ್ ಉಷ್ಣಾಂಶ ನೋಡಿ ತೀರ್ಮಾನಿಸುತ್ತದೆ. ಆದರೆ ಬ್ಯಾಟರಿಯ ವೋಲ್ಟೇಜ್ ಒಂದು ಮಿತಿಗಿಂತ ಇಳಿದರೆ ಆ ಕಂಪ್ಯೂಟರ್ ಏಳುವುದೇ ಇಲ್ಲ. ಹಳೆಯ ಯಾಂತ್ರಿಕ ಪಂಪಿನ ಟ್ರ್ಯಾಕ್ಟರನ್ನಾದರೆ ಬ್ಯಾಟರಿ ಪೂರ್ತಿ ಸತ್ತಿದ್ದರೂ ಇಳಿಜಾರಿನಲ್ಲಿ ಉರುಳಿಸಿ, ಕ್ಲಚ್ ಬಿಟ್ಟು ಹೊತ್ತಿಸಬಹುದು.